ಅದು ಎಲ್ಲಿಗೆ ಹೋಗತೈತಿ?

ಬೆಟಗೇರಿಯ ನಮ್ಮ ಓಣಿಯಲ್ಲಿ ನಾಲ್ವರು ಹುಡುಗರು ಸೇರಿ ನಗೆ ವಿಡಿಯೋ ಮಾಡುತ್ತಾರೆ. ಒಬ್ಬ ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ, ಇಬ್ಬರು ಡಿಗ್ರಿ ಓದುತ್ತಿದ್ದಾರೆ, ಇನ್ನೊಬ್ಬ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಹೋದ ಶ್ರಾವಣದ ಒಂದು ಭಾನುವಾರ ಅವರ ಶೂಟಿಂಗ್ ನಮ್ಮ ಮನೆಯೆದುರಿನ ಕಟ್ಟೆಯ ಮೇಲೇ ಇತ್ತು. ಪಗಾರದ ದಿನ ಗಂಡ ಹೆಂಡತಿಗೆ ಲೆಕ್ಕ ಒಪ್ಪಿಸುವ ಕಥೆ. ಹೆಂಡತಿಯಾದ ಹುಡುಗ ಟವೆಲ್ಲನ್ನೇ ತಲೆಯ ಮೇಲೆ ಹೊದ್ದು ಸೆರಗು ಮಾಡಿಕೊಂಡಿದ್ದ. ಮೊದಲ ಟೇಕಿನಲ್ಲಿ ಪಕ್ಕದ ಮನೆಯ ಮಗ್ಗದ ಸಪ್ಪಳ ಮಾತನ್ನೆಲ್ಲ ನುಂಗಿತು. ಮಗ್ಗದವರಿಗೆ ಕೈಮುಗಿದು ಹತ್ತು ನಿಮಿಷ ಬಿಡುವು ಬೇಡಿ ಎರಡನೆಯ ಟೇಕ್ ಶುರು ಮಾಡುವಷ್ಟರಲ್ಲಿ ನಳ ಬಂತು. ಗದಗ-ಬೆಟಗೇರಿಯಲ್ಲಿ ನಳ ಬಂತೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಗಂಡ, ಹೆಂಡತಿ, ಕ್ಯಾಮೆರಾದವ ಎಲ್ಲರೂ ಕೊಡ ಹಿಡಿದು ಓಡಿದರು.

ಮೂರನೆಯ ಟೇಕ್ ಚೆನ್ನಾಗಿ ಸಾಗಿತ್ತು. ಗಂಡನ ಪಾತ್ರದವ ಎದೆ ಸೆಟೆಸಿ, "ಹೆಂಡ್ತಿ ಅಂದ್ರ ಏನಂತ ತಿಳದೀರಿ..." ಎಂದು ಭಾಷಣಕ್ಕೆ ನಿಂತಿದ್ದ. ಅಷ್ಟರಲ್ಲಿ ಮೂಲೆಮನೆಯ ಆಯಿ ತುಂಬಿದ ಕೊಡ ಹೊತ್ತು ನೇರ ಮೊಬೈಲಿನ ಮುಂದೆಯೇ ನಡೆದು ಬಂದಳು. ನಿಂತಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಯಪ್ಪಾ, ನಿನಗಿನ್ನಾ ಕನ್ಯಾ ನೋಡಾಕತ್ತಾರ. ಈಗ ಹೆಂಡ್ತಿ ಮ್ಯಾಲ ಇಷ್ಟ ಮಾತಾಡ್ತಿ?" ಎಂದಳು. ಓಣಿಗೆ ಓಣಿಯೇ ನಕ್ಕಿತು. ಟವೆಲ್ ಹೊದ್ದವ ಕಟ್ಟೆಯಿಂದ ಕೆಳಗೆ ಬಿದ್ದ. ಅಷ್ಟೂ ರೆಕಾರ್ಡ್ ಆಗಿತ್ತು.

"ಆಯೀ, ಇದನ್ನ ಹಾಕೂಣೇನ ಬೇ?" ಎಂದು ಕ್ಯಾಮೆರಾದವ ಕೇಳಿದ.

"ಎಲ್ಲಿ ಹಾಕ್ತೀರೋ?"

"ರೀಲ್ಸ್‌ನ್ಯಾಗ."

"ಹಾಕಿದ ಮ್ಯಾಲ ಅದು ಎಲ್ಲಿಗೆ ಹೋಗತೈತಿ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಅಲ್ಲೇ ಕೂತಿದ್ದೆ, ನನಗೂ ತಟ್ಟನೆ ಹೇಳಲು ಬರಲಿಲ್ಲ. ದಿನಾ ಎರಡು ತಾಸು ಅದನ್ನೇ ನೋಡುತ್ತ ಮಲಗುವವರು ನಾವು. ಅದು ನಮ್ಮ ಕೈಗೆ ಹೇಗೆ ಬಂತು, ನಮ್ಮ ಕೈಯಿಂದ ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡೇ ಇಲ್ಲ. ಆಯಿಗೆ ಸರಿಯಾದ ಉತ್ತರ ಕೊಡಬೇಕೆಂದು ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದು ವಿಡಿಯೋ ಓಣಿ ಬಿಟ್ಟು ಹೊರಡುವುದಕ್ಕೆ ಎರಡು ದಾರಿಗಳಿವೆ. ಒಂದನ್ನು ಕಂಪ್ಯೂಟರು ನಡೆಸುತ್ತದೆ, ಇನ್ನೊಂದನ್ನು ನಾವೇ ನಡೆಸುತ್ತೇವೆ. ಎರಡರ ನಿಯಮಗಳೂ ಬೇರೆ. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ, ಅರ್ಧ ಜಗಳ.

ಮೊದಲು ಕಂಪ್ಯೂಟರಿನ ದಾರಿ. ಇದನ್ನು ತಿಳಿಯಲು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಬರೋಣ. ಸೋಮವಾರ, ಗುರುವಾರ ಅಲ್ಲಿ ಟೆಂಡರ್. ಸುಗ್ಗಿಯಲ್ಲಿ ಲಕ್ಷಗಟ್ಟಲೆ ಚೀಲ ಬಂದು ಬೀಳುತ್ತವೆ. ಯಾವ ಖರೀದಿದಾರನೂ ಎಲ್ಲ ಚೀಲದಲ್ಲಿ ಕೈ ಹಾಕಿ ನೋಡಲಾರ. ಬಣ್ಣ ತೆಗೆಯುವ ಕಾರ್ಖಾನೆಗೆ ಕೊಳ್ಳುವವನಿಗೆ ಕಡುಗೆಂಪು ಬೇಕು. ಖಾರದಪುಡಿ ಮಾಡುವವನಿಗೆ ಬಣ್ಣವೂ ಬೇಕು, ತುಸು ಖಾರವೂ ಬೇಕು. ಹಾಗಾಗಿ ಅವರವರ ಕಡೆಯವರು ಮೊದಲು ಅಡ್ಡಾಡಿ, ತಮಗೆ ಹೊಂದುವ ಲಾಟುಗಳನ್ನು ಮಾತ್ರ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಆ ಕೆಲವನ್ನೇ ಮುರಿದು, ಮೂಸಿ, ಬಿಸಿಲಿಗೆ ಹಿಡಿದು ನೋಡಿ ಒಂದೊಂದಕ್ಕೂ ದರ ಬರೆಯುತ್ತಾರೆ. ಡಬ್ಬಿ ತಳಿಗೆ ಒಬ್ಬ ಹೆಚ್ಚು ಬರೆದರೆ ಕಡ್ಡಿಗೆ ಇನ್ನೊಬ್ಬ ಬರೆಯುತ್ತಾನೆ.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಮಾಡುವುದೂ ಹೆಚ್ಚುಕಡಿಮೆ ಇದೇ. 2016ರಲ್ಲಿ ಯೂಟ್ಯೂಬಿನ ಎಂಜಿನಿಯರುಗಳು ತಮ್ಮ ಶಿಫಾರಸು ವ್ಯವಸ್ಥೆಯ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಅದರಂತೆ ಕೆಲಸ ಎರಡು ಹಂತದ್ದು. ಕೋಟ್ಯಂತರ ವಿಡಿಯೋಗಳೊಳಗಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಮೊದಲು ಆರಿಸುವುದು. ಆಮೇಲೆ ಆ ಕೆಲವು ನೂರರಲ್ಲಿ ಒಂದೊಂದಕ್ಕೂ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವುದು. ಆ ಅಂಕವೇ ದರ. ದರ ಬರೆಯುವಾಗ ಅದು ಕೇಳಿಕೊಳ್ಳುವ ಮುಖ್ಯ ಪ್ರಶ್ನೆ: ಈ ಮನುಷ್ಯ ಇದನ್ನು ಎಷ್ಟು ಹೊತ್ತು ನೋಡಬಹುದು? ವಿಡಿಯೋ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಅಲ್ಲಿಲ್ಲ. ಬ್ಯಾಡಗಿಯಲ್ಲಿ ಎಲ್ಲರಿಗೂ ಒಂದೇ ಉತ್ತಮ ಮೆಣಸಿನಕಾಯಿ ಎಂಬುದು ಇಲ್ಲದಂತೆ, ಇಲ್ಲೂ ಎಲ್ಲರಿಗೂ ಒಂದೇ ಉತ್ತಮ ವಿಡಿಯೋ ಇಲ್ಲ. ಇದು ಈ ಮನುಷ್ಯನಿಗೆ, ಈ ಹೊತ್ತಿಗೆ ಬರೆದ ದರ.

ಮೊದಲೆಲ್ಲ ಯೂಟ್ಯೂಬ್ ಎಷ್ಟು ಜನ ಒತ್ತಿದರು ಎಂಬುದನ್ನೇ ಮುಖ್ಯವಾಗಿ ಎಣಿಸುತ್ತಿತ್ತು. ಅದರಿಂದ ಸುಳ್ಳು ಫೋಟೋ, ಸುಳ್ಳು ಹೆಸರು ಹಾಕಿ ಒತ್ತಿಸುವವರೇ ಮೇಲೆ ಬಂದರು. 2012ರಲ್ಲಿ ಲೆಕ್ಕ ಬದಲಿಸಿ, ಒತ್ತಿದ ಮೇಲೆ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಟ್ಟರು. ಈಗಿನ ಸಣ್ಣ ವಿಡಿಯೋಗಳಲ್ಲಿ ಒತ್ತುವ ಮಾತೇ ಇಲ್ಲ, ಬೆರಳು ಸರಿಸಿದರೆ ಮುಂದಿನದು ತಾನೇ ಶುರು. ಹಾಗಾಗಿ ನಿಂತರೋ, ದಾಟಿಹೋದರೋ ಎಂಬುದೇ ಮೊದಲ ಪರೀಕ್ಷೆ. ಯೂಟ್ಯೂಬಿನಲ್ಲಿ ಶಾರ್ಟ್ಸ್ ಹಾಕುವ ಪ್ರತಿಯೊಬ್ಬನಿಗೂ ನೂರರಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಸರಿಸಿದರು ಎಂಬ ಲೆಕ್ಕ ಸಿಗುತ್ತದೆ. ನಮ್ಮ ಓಣಿಯ ಹುಡುಗರು ಆ ಲೆಕ್ಕವನ್ನು ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ ನೋಡುತ್ತಾರೆ.

ಹೊಸದಾಗಿ ಹಾಕಿದ ವಿಡಿಯೋವನ್ನು ಯಾರೂ ನೋಡಿರುವುದಿಲ್ಲ, ಹಾಗಿರುವಾಗ ದರ ಬರೆಯುವುದು ಹೇಗೆ? ಮೊದಲು ಒಂದು ಸಣ್ಣ ಗುಂಪಿಗೆ ತೋರಿಸಿ ನೋಡುತ್ತದೆ. ಅವರು ನಿಂತು ನೋಡಿದರೆ ಇನ್ನಷ್ಟು ಜನರಿಗೆ, ಅವರೂ ನಿಂತರೆ ಮತ್ತಷ್ಟು ಜನರಿಗೆ. ಎಲ್ಲೋ ಒಂದು ಕಡೆ ಜನ ಸರಿಸತೊಡಗಿದರೆ ಅಲ್ಲಿಗೆ ಓಟ ನಿಲ್ಲುತ್ತದೆ. ಸೋಮವಾರ ಹಾಕಿದ ವಿಡಿಯೋ ಮೂರು ದಿನ ಮಲಗಿದ್ದು ಶುಕ್ರವಾರ ಎದ್ದು ಓಡುವುದು ಹೀಗೆ. ಸರಿಯಾದ ಗುಂಪು ಅದಕ್ಕೆ ತಡವಾಗಿ ಸಿಕ್ಕಿರುತ್ತದೆ.

ಇನ್ನೊಂದು ಮಾತು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸ್ಸೇರಿ 2025ರ ಜನವರಿಯಲ್ಲಿ ತಮ್ಮಲ್ಲಿ ತೂಕವಿರುವ ಮೂರು ಸಂಗತಿಗಳನ್ನು ಹೇಳಿದರು: ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ನಿಮ್ಮನ್ನು ಹಿಂಬಾಲಿಸದ ಹೊಸಬರನ್ನು ಮುಟ್ಟಲು ಮೂರನೆಯದು ಹೆಚ್ಚು ಮುಖ್ಯವಂತೆ. ಇದು ನನಗೆ ಬಹಳ ಹಿಡಿಸಿತು. "ಕಾಕಾ, ಇದನ್ನ ನೋಡ್ರಿ, ಥೇಟ್ ನಿಮ್ಮಂಗ ಮಾಡ್ಯಾನ" ಎಂದು ನಾವು ಕಳಿಸುತ್ತೇವಲ್ಲ, ಆ ಕಳಿಸುವಿಕೆಗೇ ಅಷ್ಟು ಬೆಲೆ. ಒಂದು ವಿಡಿಯೋ ನೋಡಿದಾಗ ನಮಗೆ ಇನ್ನೊಬ್ಬರ ನೆನಪಾಯಿತೆಂಬುದನ್ನು ಕಂಪ್ಯೂಟರು ಹಾಗೆ ಓದಿಕೊಳ್ಳುತ್ತದೆ.

ಇಲ್ಲಿಯೇ ನಮ್ಮ ಮಾತಿನ ಸಂಗತಿ ಬರುತ್ತದೆ. ಉತ್ತರ ಕರ್ನಾಟಕದ ನಗೆ ವಿಡಿಯೋಗಳು ಇಷ್ಟು ಓಡುವುದು ಯಾಕೆ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕಂಪ್ಯೂಟರಿಗೆ ಗದಗ ಎಂಬ ಊರಿನ ಮೇಲೆ ಪ್ರೀತಿ ಇದೆಯೆಂದಲ್ಲ. ಅದು ಊರನ್ನು ನಕಾಶೆಯಲ್ಲಿ ಹುಡುಕುವುದಕ್ಕಿಂತ ಹೆಚ್ಚಾಗಿ, ಒಂದೇ ಬಗೆಯ ವಿಡಿಯೋಗಳಿಗೆ ನಿಲ್ಲುವವರನ್ನು ಒಟ್ಟಿಗೆ ಸೇರಿಸುತ್ತದೆ. ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ರೋಣದ ಹುಡುಗ, ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಬ್ಬಳ್ಳಿಯ ಹುಡುಗಿ, ಗೋವೆಯಲ್ಲಿ ಅಡುಗೆ ಮಾಡುವ ಹಾವೇರಿಯ ಹೆಂಗಸು ಯಾವತ್ತೂ ಒಂದು ಕಟ್ಟೆಯ ಮೇಲೆ ಕೂಡುವವರಲ್ಲ. "ಏನ ಮಾಡಾಕತ್ತೀಲೇ" ಎಂಬ ದನಿ ಕೇಳಿದ ಕೂಡಲೇ ಮೂವರ ಬೆರಳೂ ನಿಲ್ಲುತ್ತದೆ. ಅಷ್ಟು ಸಾಕು, ಅವರು ಒಂದು ಗುಂಪಾದರು. ನಮ್ಮ ಭಾಗದಿಂದ ದುಡಿಯಲು ಹೊರಗೆ ಹೋದವರು ಬಹಳ. ಅವರಿಗೆ ಈ ವಿಡಿಯೋ ನಗೆಯ ಜೊತೆಗೆ ಮನೆಯ ದನಿಯನ್ನೂ ತಲುಪಿಸುತ್ತದೆ.

ಆ ದನಿಯೊಳಗೂ ಎಷ್ಟು ಬಗೆ! ಧಾರವಾಡದ ಒಂದು ಮನೆಯಲ್ಲಿ "ಮಾಡ್ಲಿಕ್ಕತ್ತೇನಿ" ಎಂದರೆ ಪಕ್ಕದ ಮನೆಯಲ್ಲಿ "ಮಾಡಾಕತ್ತೀನಿ". ಕೇಳಿದ ತಕ್ಷಣ ಇವ ಯಾರ ಪೈಕಿ, ಯಾವ ಓಣಿಯವ ಎಂದು ಹಳಬರು ಅಂದಾಜು ಹಾಕುತ್ತಾರೆ. ಹೊರಗಿನಿಂದ ಬಂದು ಬರೀ "ಲೇ", "ರೀ" ಸೇರಿಸಿ ಉತ್ತರ ಕರ್ನಾಟಕ ಎನಿಸಿಕೊಳ್ಳುವ ಮಾತು ನಮ್ಮವರ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ ಕಟುಕೆನ್ನುತ್ತದೆ. ಎಷ್ಟೋ ವರ್ಷ ತೆರೆಯ ಮೇಲೆ ನಮ್ಮ ಮಾತು ಬಂದದ್ದೇ ಆಳಿನ ಬಾಯಲ್ಲಿ, ಪೆದ್ದನ ಬಾಯಲ್ಲಿ. ಈಗ ನಮ್ಮ ಹುಡುಗಿಯೊಬ್ಬಳು ಅದೇ ಮಾತಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿ ನಟಿಸುತ್ತಾಳೆ, ಡಾಕ್ಟರಾಗಿ ನಟಿಸುತ್ತಾಳೆ. ನನಗೆ ಇದು ದೊಡ್ಡ ಬದಲಾವಣೆ ಎನಿಸುತ್ತದೆ.

ಯಂತ್ರದ ಬಾಯಿಂದ ನಮ್ಮ ಮಾತು ಬಂದದ್ದು ಇದೇ ಮೊದಲೇನಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಹಳ್ಳಿಯವರ ಕಾರ್ಯಕ್ರಮಗಳಲ್ಲಿ ಈ ನೆಲದ ಮಾತು ರೇಡಿಯೋದಿಂದ ಕೇಳಿತು. ಅದಕ್ಕೂ ಹಿಂದೆ ಕಂಪನಿ ನಾಟಕಗಳಿದ್ದವು. ಜಾತ್ರೆಯಲ್ಲಿ ತಗಡಿನ ಥಿಯೇಟರು ಹಾಕಿ ರಾತ್ರಿಯಿಡೀ ಆಡುತ್ತಿದ್ದರು. ಹಾಡು ಹಿಡಿಸಿತೆಂದರೆ ಜನ "ಒನ್ಸ್ ಮೋರ್" ಎಂದು ಕೂಗುವುದು, ನಟ ಕಥೆ ನಿಲ್ಲಿಸಿ ಮತ್ತೆ ಹಾಡುವುದು. ಈಗ ನಾವು ಹಿಡಿಸಿದ್ದನ್ನು ಎರಡನೆಯ ಸಲ ನೋಡುತ್ತೇವಲ್ಲ, ಅದೇ ಆ ಒನ್ಸ್ ಮೋರ್. ಕೂಗು ನಟನಿಗೆ ಕೇಳುತ್ತಿತ್ತು, ಈಗ ಎಣಿಕೆಯಾಗಿ ಕಾಣುತ್ತದೆ. ಜನ ಬೇಸರಗೊಂಡಾರೆಂದು ಗಂಭೀರ ದೃಶ್ಯದ ನಡುವೆ ಹಾಸ್ಯದ ಜೋಡಿಯನ್ನು ಒಳಬಿಡುತ್ತಿದ್ದರು. ಮೊದಲ ಮೂರು ಸೆಕೆಂಡಿನಲ್ಲೇ ಏನಾದರೂ ಆಗಬೇಕೆಂದು ಇಂದಿನ ಹುಡುಗರು ಒದ್ದಾಡುವುದು ಅದೇ ಹಳೆಯ ಚಿಂತೆ.

ಗದುಗಿನವರಿಗೆ ಇಲ್ಲಿ ಇನ್ನೊಂದು ನೆನಪಾಗಲೇಬೇಕು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಅವರ ನಂತರ 1944ರಿಂದ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತರು. ಆ ಮಕ್ಕಳ ಅನ್ನಕ್ಕೆ ಆಸರೆಯಾದವುಗಳಲ್ಲಿ ಆಶ್ರಮದ ನಾಟಕ ಕಂಪನಿಯೂ ಒಂದು. ಜನ ನಕ್ಕು, ಅತ್ತು, ಟಿಕೆಟಿಗೆ ಕೊಟ್ಟ ಹಣ ಊರೊಳಗೇ ಇನ್ನೊಬ್ಬರ ತಾಟಿಗೆ ಬಂತು.

ಈಗಿನ ನಗೆಯ ಹಣ ಎಲ್ಲಿಗೆ ಹೋಗುತ್ತದೆ? ಹುಡುಗರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರಿರಬೇಕು. ಜೊತೆಗೆ 12 ತಿಂಗಳಲ್ಲಿ 4,000 ತಾಸು ಜನ ನೋಡಿರಬೇಕು ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಅಷ್ಟಾದ ಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ ಮಾಡಿದವನಿಗೆ ನೂರಕ್ಕೆ 55. ಶಾರ್ಟ್ಸ್‌ನದು ಬೇರೆ ಲೆಕ್ಕ. ಎಲ್ಲರ ಜಾಹೀರಾತಿನ ಹಣ ಒಂದು ಗುಡ್ಡೆ, ವೀಕ್ಷಣೆಗೆ ತಕ್ಕಂತೆ ಪಾಲು, ಆ ಪಾಲಿನಲ್ಲಿ ನೂರಕ್ಕೆ 45. ವಿಡಿಯೋದಲ್ಲಿ ಒಂದು ಹಾಡು ಬಳಸಿದ್ದರೆ ಅದರ ಗಳಿಕೆಯ ಅರ್ಧ ಮೊದಲೇ ಹಾಡಿನವರ ಕಡೆಗೆ ಹೋಗುತ್ತದೆ, ಎರಡು ಹಾಡಾದರೆ ಮೂರರಲ್ಲಿ ಎರಡು ಭಾಗ. ಇನ್ನೂ ಒಂದಿದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದರೆ ಸಾಕು, ಒಂದು ವೀಕ್ಷಣೆ ಎಂದು ಎಣಿಸುತ್ತಾರೆ. ಹಣಕ್ಕೆ ಮಾತ್ರ ಹಳೆಯ, ಬಿಗಿಯಾದ ಎಣಿಕೆಯೇ. ಆದ್ದರಿಂದ ಪಕ್ಕದ ಓಣಿಯವನಿಗೆ ಲಕ್ಷ ವ್ಯೂ ಬಂತೆಂದು ಯಾರೂ ಗ್ಯಾರೇಜಿನ ಕೆಲಸ ಬಿಡಬೇಡಿ.

ನಮ್ಮಂಥ ಊರುಗಳಲ್ಲಿ ನಿಜವಾದ ಹಣ ಬರುವುದು ಸೀರೆ ಅಂಗಡಿ, ಹೊಸ ಖಾನಾವಳಿ, ಟೂ-ವ್ಹೀಲರ್ ಶೋರೂಮಿನವರಿಂದ. ತಪ್ಪೇನಿಲ್ಲ. ಆದರೆ ಹಣ ತೆಗೆದುಕೊಂಡು ಹೊಗಳಿದರೆ ಅದು ಜಾಹೀರಾತೆಂದು ಎದ್ದು ಕಾಣುವಂತೆ ಹೇಳಲೇಬೇಕು. ಪುಕ್ಕಟೆ ಊಟ ಕೊಟ್ಟಿದ್ದರೂ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸಣ್ಣ ಊರಿನಲ್ಲಿ ದಂಡಕ್ಕಿಂತ ಬೇಗ ತಟ್ಟುವುದು ಬೇರೆ. "ನಿನ್ನ ಮಾತ ಕೇಳಿ ಹ್ವಾದೆ, ಮಿರ್ಚಿ ಹಸಿ ಇತ್ತಲೋ" ಎಂದು ಮರುದಿನವೇ ಯಾರಾದರೂ ಅಂಗಡಿಗೆ ಬಂದು ಕೇಳುತ್ತಾರೆ.

ಹಾಡಿನ ಮಾತು ಬಂದದ್ದಕ್ಕೆ ಒಂದು ಸಂಗತಿ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಸಿನಿಮಾ ಹಾಡು ನುಡಿಸಿದರೆ 1957ರ ಕಾಪಿರೈಟ್ ಕಾಯಿದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಮದುವೆಯ ಮೆರವಣಿಗೆಗೂ ಉಂಟು. ಅದೇ ಮೆರವಣಿಗೆಯ ವಿಡಿಯೋ ಹಾಕಿದರೆ ಆ ವಿನಾಯಿತಿ ತಾನಾಗಿ ಬೆನ್ನಿಗೆ ಬರುವುದಿಲ್ಲ. ಯೂಟ್ಯೂಬ್ 2007ರಿಂದಲೇ ಹಾಡುಗಳ ಗುರುತು ಇಟ್ಟುಕೊಂಡು ಹೊಂದಿಸಿ ನೋಡುವ ವ್ಯವಸ್ಥೆ ನಡೆಸಿದೆ. ಹುಬ್ಬಳ್ಳಿಯ ರಂಗಪಂಚಮಿಯಲ್ಲಿ ಡಿಜೆ ಹಾಡು ಹಿನ್ನೆಲೆಗೆ ಬಂದರೆ ಹಣ ಹಾಡಿನವರಿಗೆ ಹೋಗುತ್ತದೆ ಅಥವಾ ವಿಡಿಯೋದ ದನಿ ಅಡಗುತ್ತದೆ. ಅದೇ ಜಗ್ಗಲಿಗೆ ಬಾರಿಸುವುದನ್ನು ತೆಗೆದರೆ ಯಾವ ಕಂಪನಿಯೂ ಬಂದು ತನ್ನದೆನ್ನಲಾರದು. ಗಾಡಿಗಾಲಿಯ ಪಟ್ಟಿಗೆ ತೊಗಲು ಬಿಗಿದ ಆ ವಾದ್ಯದ ಸದ್ದು ಎದೆಗೇ ಬಂದು ಬಡಿಯುತ್ತದೆ. ಹುಡುಗರೇ, ಅದನ್ನು ತೆಗೆಯಿರಿ.

ಕಂಪ್ಯೂಟರಿನ ದಾರಿಯಲ್ಲಿ ನನಗೆ ಕಳವಳ ತರುವ ಭಾಗ ಒಂದಿದೆ. ಅದು ನಾವು ಎಷ್ಟು ಹೊತ್ತು ನಿಂತೆವೆಂದು ನೋಡುತ್ತದೆ, ಯಾಕೆ ನಿಂತೆವೆಂದು ಅದಕ್ಕೆ ಅಷ್ಟಾಗಿ ತಿಳಿಯದು. ಸಿಟ್ಟಿನಿಂದ ನೋಡಿದರೂ ನೋಡಿದ ಹಾಗೆಯೇ. ಬೈದು ಕಮೆಂಟ್ ಹಾಕಿದರೂ ಅದು ಕಮೆಂಟೇ. ಹೆಂಡತಿಗೆ ಕಪಾಳಕ್ಕೆ ಹೊಡೆಯುವ ವಿಡಿಯೋ, ದಪ್ಪಗಿದ್ದವರನ್ನು ಆಡಿಕೊಳ್ಳುವ ವಿಡಿಯೋ ಓಡುತ್ತವೆ. ಓಡಿದ್ದನ್ನು ನೋಡಿ ಇನ್ನೊಬ್ಬ ಅದನ್ನೇ ಮಾಡುತ್ತಾನೆ. ಆರು ತಿಂಗಳಲ್ಲಿ ಊರಿಗೆ ಊರೇ ಕಪಾಳಕ್ಕೆ ಹೊಡೆಯುತ್ತಿರುತ್ತದೆ. ನಮ್ಮ ಹುಡುಗರ ಮೊದಲ ವಿಡಿಯೋಗಳಲ್ಲಿ ಸಂತೆ ಇತ್ತು, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನೂಕುನುಗ್ಗಲಿತ್ತು, ರಾತ್ರಿ ಕರೆಂಟು ಹೋದಾಗ ಕಟ್ಟೆಯ ಮೇಲಿನ ಹರಟೆಯಿತ್ತು. ನಡುವೆ ಕೆಲವು ತಿಂಗಳು ಬರೀ ಕಿರಿಚಾಟ. ಕೇಳಿದರೆ, "ಅಣ್ಣಾರ, ಅದಕ್ಕ ಮಂದಿ ನಿಲ್ಲತಾರ್ರೀ" ಎಂದರು. ನೋಡುವವರ ಕೈಯಲ್ಲೂ ಒಂದು ಉಪಾಯವಿದೆ. ಮೂರು ಚುಕ್ಕೆ ಒತ್ತಿ "ಆಸಕ್ತಿ ಇಲ್ಲ" ಎಂದು ಗುರುತು ಮಾಡಿದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹಿಡಿಸದಿದ್ದರೆ ಬೈಯುತ್ತ ನಿಲ್ಲುವುದಕ್ಕಿಂತ ಸುಮ್ಮನೆ ಸರಿಸಿಬಿಡುವುದು ಮೇಲು.

ಇನ್ನು ಎರಡನೆಯ ದಾರಿ, ನಾವೇ ನಡೆಸುವುದು. ಅದೇ ವಾಟ್ಸಾಪ್. ಓಣಿಯ ಗಣಪತಿ ಮಂಡಳದ ಗುಂಪು, ಅಕ್ಕಂದಿರ ಸ್ವಸಹಾಯ ಸಂಘದ ಗುಂಪು, ಹತ್ತನೆಯ ತರಗತಿಯ ಹಳೆಯ ಗೆಳೆಯರ ಗುಂಪು, ಬೀಗರ ಗುಂಪು. ಇಲ್ಲಿ ದರ ಬರೆಯುವ ಕಂಪ್ಯೂಟರು ಇಲ್ಲ. 2016ರಿಂದ ವಾಟ್ಸಾಪಿನ ಸಂದೇಶಗಳೆಲ್ಲ ಕಳಿಸುವವನಿಗೂ ತಲುಪುವವನಿಗೂ ಮಾತ್ರ ತೆರೆಯುವಂಥ ಬೀಗದೊಳಗೆ ಹೋಗುತ್ತವೆ, ನಡುವೆ ಕಂಪನಿಯೂ ಓದುವಂತಿಲ್ಲ. ಯಾವುದು ಮುಂದೆ ಹೋಗಬೇಕೆಂದು ಹೇಳುವುದು ನಮ್ಮ ಹೆಬ್ಬೆರಳು. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿದರು. 2020ರ ಏಪ್ರಿಲ್‌ನಿಂದ, ಬಹಳ ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಅಂಥದ್ದಕ್ಕೆ ಎರಡು ಬಾಣದ ಗುರುತಿರುತ್ತದೆ. ಆ ಗುರುತು ಕಂಡರೆ ಇದು ಪರಿಚಯದವರು ಮಾಡಿದ್ದಲ್ಲ, ಐದಾರು ಕೈ ದಾಟಿದ್ದೆಂದು ತಿಳಿಯಬೇಕು.

ವಿಡಿಯೋ ಮಾಡಿದ ಹುಡುಗರಿಗೆ ಈ ದಾರಿಯಲ್ಲಿ ಒಂದು ನಷ್ಟವಿದೆ, ಬಹಳ ಜನರಿಗೆ ಗೊತ್ತಿಲ್ಲ. ಯೂಟ್ಯೂಬಿನ ಲಿಂಕ್ ಕಳಿಸಿದರೆ ನೋಡಿದ ಎಣಿಕೆ ಅವರಿಗೆ ಸೇರುತ್ತದೆ. ವಿಡಿಯೋವನ್ನೇ ಇಳಿಸಿಕೊಂಡು ಕಳಿಸಿದರೆ ಸಾವಿರ ಜನ ನಕ್ಕರೂ ಅವರ ಖಾತೆಯಲ್ಲಿ ಸೊನ್ನೆ, ಹೆಸರೂ ಉಳಿಯದು. ಗೆಳೆಯರ ವಿಡಿಯೋ ಹಿಡಿಸಿದರೆ ಲಿಂಕ್ ಕಳಿಸಿ. ಒಂದು ಚಹಾದ ಖರ್ಚೂ ಇಲ್ಲದ ಸಹಾಯ ಅದು.

ಈ ಎರಡು ದಾರಿಯ ವ್ಯತ್ಯಾಸ ನನಗೆ ತಿಳಿದದ್ದು ನಮ್ಮ ಮನೆಗೆ ಪೆಟ್ಟು ಬಿದ್ದಾಗ. ನನ್ನ ಚಿಗವ್ವ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಮೆಂತ್ಯೆ ಸಿವುಡಿಗೆ ಐದು ರೂಪಾಯಿ ಕಡಿಮೆ ಮಾಡೆಂದು ಜಗ್ಗಾಡಿದ್ದಳು. ಎಲ್ಲರೂ ಮಾಡುವುದೇ. ಮಾರುವವಳೂ ಕೊಳ್ಳುವವಳೂ ಇಪ್ಪತ್ತು ವರ್ಷದ ಪರಿಚಯದವರು, ಜಗಳದ ಕೊನೆಗೆ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿ ಇಬ್ಬರೂ ನಗುತ್ತಾರೆ. ಯಾರೋ ಒಬ್ಬ ಹುಡುಗ ಅದನ್ನು ದೂರದಿಂದ ತೆಗೆದು, ಕೊನೆಯ ನಗು ಕತ್ತರಿಸಿ, ಮೇಲೊಂದು ಸಿನಿಮಾ ಸಂಗೀತ ಕೂಡಿಸಿ, "ಕಂಜೂಸ್ ಆಂಟಿ" ಎಂದು ಬರೆದು ಹಾಕಿದ. ಎರಡು ದಿನದಲ್ಲಿ ಅದು ಅವಳ ಮಗಳ ಗಂಡನ ಮನೆಯ ಗುಂಪಿಗೆ ಬಂತು. ಬೀಗತಿ ನಗುತ್ತಲೇ ಫೋನ್ ಮಾಡಿ, "ನಿಮ್ಮನ್ನ ಟಿವಿಯೊಳಗ ನೋಡಿದಂಗಾತ ನೋಡ್ರೀ" ಎಂದರಂತೆ. ಚಿಗವ್ವ ಅವತ್ತು ಊಟ ಮಾಡಲಿಲ್ಲ. ಆಮೇಲೆ ಎರಡು ತಿಂಗಳು ಕಾಯಿಪಲ್ಲೆಗೆ ಕಾಕಾನನ್ನೇ ಕಳಿಸಿದಳು. ಕಾಕಾ ಚೌಕಾಶಿ ಬಾರದವನು, ಬಾಡಿದ ಸೊಪ್ಪನ್ನು ಹೇಳಿದ ದರಕ್ಕೆ ತಂದು ಕೆಳಗಿಡುತ್ತಿದ್ದ. ಅವಳು ಅದನ್ನು ಸೋಸುತ್ತ ಒಂದು ಮಾತೂ ಆಡುತ್ತಿರಲಿಲ್ಲ. ಬಾಯಿಗೆ ಬಿಡುವಿಲ್ಲದ ಹೆಂಗಸು.

ಬೆಂಗಳೂರಿನಂಥ ಊರಿನಲ್ಲಿ ಮುಖ ಜನರೊಳಗೆ ಕಳೆದುಹೋಗುತ್ತದೆ. 2011ರ ಜನಗಣತಿಯಂತೆ ಗದಗ-ಬೆಟಗೇರಿಯಲ್ಲಿ 1.72 ಲಕ್ಷ ಜನ, ಹಾವೇರಿಯಲ್ಲಿ 67 ಸಾವಿರ. ಇಷ್ಟು ಜನರಲ್ಲಿ ಯಾರು ಯಾರ ಮಗಳು, ಯಾರ ಸೊಸೆ ಎಂದು ಎರಡು ಪ್ರಶ್ನೆಯಲ್ಲಿ ತಿಳಿದುಬಿಡುತ್ತದೆ. ಮಾರ್ಕೆಟ್ಟಿನ ಹತ್ತು ಜನರ ನಡುವೆ ಆಡಿದ ಮಾತು ಬೀಗರ ಪಡಸಾಲೆಗೆ ಹೋದಾಗ ಮಾತು ಅದೇ ಇರುತ್ತದೆ, ಅರ್ಥ ಬೇರೆಯಾಗುತ್ತದೆ. ಕೊತ್ತಂಬರಿಯ ಹಿಡಿ ಅಲ್ಲಿ ಕಾಣುವುದಿಲ್ಲ.

ನಾವು ಏನು ಮಾಡಿದೆವೆಂದರೆ, ಮೊದಲು ಆ್ಯಪಿನಲ್ಲಿಯೇ ದೂರು ಒತ್ತಿದೆವು. 2021ರ ಐಟಿ ನಿಯಮಗಳಂತೆ ಇಂಥ ಕಂಪನಿಗಳು ದೂರು ಕೇಳುವ ಅಧಿಕಾರಿಯನ್ನು ಭಾರತದಲ್ಲಿ ಇಟ್ಟಿರಲೇಬೇಕು. ಯೂಟ್ಯೂಬಿಗೆ ಖಾಸಗಿತನದ ದೂರು ಕೊಟ್ಟರೆ ಹಾಕಿದವನಿಗೆ ತಾನೇ ತೆಗೆಯಲು 48 ತಾಸು ಕೊಡುವ ಪದ್ಧತಿಯಿದೆ. ಯಾರಾದರೂ ಅಶ್ಲೀಲವಾಗಿ ತೆಗೆದಿದ್ದರೆ, ಬೆದರಿಸಿದರೆ ಆ ದಾರಿ ಕಾಯುತ್ತ ಕೂರಬಾರದು. cybercrime.gov.in ಜಾಲತಾಣದಲ್ಲಿ ದೂರು ಕೊಡಬೇಕು ಅಥವಾ ನೇರ ಪೊಲೀಸ್ ಠಾಣೆಗೆ ಹೋಗಬೇಕು. ಒಪ್ಪಿಗೆಯಿಲ್ಲದೆ ದೇಹದ ಖಾಸಗಿ ಭಾಗದ ಚಿತ್ರ ತೆಗೆದು ಹರಡುವುದಕ್ಕೆ ಐಟಿ ಕಾಯಿದೆಯ 66ಇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲಿದೆ. ನಮ್ಮದು ಅಂಥದ್ದಲ್ಲ. ಹಾಗಾಗಿ ಹಳೆಯ ದಾರಿಯೇ ಬೇಗ ಮುಗಿಯಿತು. ಆ ಹುಡುಗ ಯಾರ ಮಗನೆಂದು ಸೊಪ್ಪಿನವಳೇ ಪತ್ತೆ ಹಚ್ಚಿದಳು. ಕಾಕಾ, ನಾನು ಅವರ ಮನೆಗೆ ಹೋದೆವು. ಅವನ ಅವ್ವ ಚಹಾ ಕೊಟ್ಟರು, ವಿಡಿಯೋ ನೋಡಿ ಕಣ್ಣು ತುಂಬಿಕೊಂಡರು, "ನನ್ನನ್ನ ಹಿಂಗ ತಗದಿದ್ರ ಸುಮ್ಮನಿರ್ತಿದ್ದೇನಲೇ?" ಎಂದು ಮಗನನ್ನು ಕೇಳಿದರು. ಅವನು ನಮ್ಮೆದುರೇ ಅಳಿಸಿದ.

ಕಂಪ್ಯೂಟರಿನ ದಾರಿ ಅಲ್ಲಿಗೆ ಮುಚ್ಚಿತು. ಮೂಲ ಅಳಿಸಿದರೆ ಆ ಲಿಂಕ್ ಎಲ್ಲೂ ತೆರೆಯುವುದಿಲ್ಲ. ಎರಡನೆಯ ದಾರಿಯಲ್ಲಿ ಹೋದದ್ದು ಮಾತ್ರ ಇನ್ನೂ ಯಾರ ಯಾರ ಮೊಬೈಲಿನಲ್ಲೋ ಇದೆ. ಅದಕ್ಕೆ ಅಳಿಸಲು ಒಂದು ಮೂಲವೂ ಇಲ್ಲ, ದೂರು ಕೊಟ್ಟರೂ ಎಲ್ಲರ ಮೊಬೈಲಿನಿಂದ ಅಳಿಸುವವರೂ ಇಲ್ಲ. ಈ ವರ್ಷ ಯುಗಾದಿಗೆ ಮತ್ತೊಮ್ಮೆ ಯಾವುದೋ ಗುಂಪಿನಲ್ಲಿ ಬಂದಿತ್ತು, ಎರಡು ಬಾಣದ ಗುರುತಿನೊಂದಿಗೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಾನು ಮೂಲೆಮನೆಗೆ ಹೋದೆ. ಕ್ಯಾಮೆರಾದ ಹುಡುಗನೂ ಬಂದಿದ್ದ. ಆಯಿ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮೆಣಸಿನಕಾಯಿ ಟೆಂಡರಿನ ಕಥೆ ಹೇಳಿದೆ, ಅವಳಿಗೆ ತಟ್ಟನೆ ತಿಳಿಯಿತು. ತವರುಮನೆ ಬ್ಯಾಡಗಿಯ ಕಡೆಯದು. ಮೊದಲು ಸ್ವಲ್ಪ ಮಂದಿಗೆ, ಅವರು ನಿಂತರೆ ಇನ್ನಷ್ಟು ಮಂದಿಗೆ, ಆಮೇಲೆ ಯಾರು ಯಾರಿಗೆ ಕಳಿಸುತ್ತಾರೆಂದು ಹೇಳಲಾಗದು ಎಂದೆ. ಚಿಗವ್ವನ ಸಂಗತಿಯನ್ನೂ ಮುಚ್ಚಿಡಲಿಲ್ಲ.

ಆಯಿ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. "ಹಾವೇರಿ ಮಂದಿಗೂ ಕಾಣತೈತೇನು?"

"ಕಾಣಬಹುದು ಬೇ."

"ಮೊಮ್ಮಗಳಿಗೆ ಅಲ್ಲೇ ಮಾತುಕತಿ ನಡದೈತಿ. ಮದಲ ಆಕೀಗೆ ತೋರಸ್ರಿ. ಆಕಿ ಹೂಂ ಅಂದ್ರ, ಲಗ್ನ ಮುಗದ ಮ್ಯಾಲ ಹಾಕ್ರಿ." ಆಮೇಲೆ ಏನೋ ನೆನಪಾಗಿ, "ಅವತ್ತ ನಾ ಉಟ್ಟಿದ್ದು ತ್ಯಾಪಿ ಹಚ್ಚಿದ ಸೀರಿ. ಇನ್ನೊಮ್ಮೆ ತಗೀರಿ, ಇಳಕಲ್ ಸೀರಿ ಉಟಗೊಂಡ ಬರತೀನಿ" ಎಂದಳು.

ಇನ್ನೊಮ್ಮೆ ತೆಗೆದರೆ ಆ ನಗು ಬರುವುದಿಲ್ಲವೆಂದು ಹುಡುಗ ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ. ಮೊಮ್ಮಗಳು ವಿಡಿಯೋ ನೋಡಿ ನಾಲ್ಕು ಸಲ ಒನ್ಸ್ ಮೋರ್ ಮಾಡಿಸಿದ್ದಾಳೆ. ಅದು ಇನ್ನೂ ಆ ಹುಡುಗನ ಮೊಬೈಲಿನಲ್ಲೇ ಇದೆ. ಲಗ್ನ ಮಾಘಕ್ಕೆ ಗೊತ್ತಾಗಿದೆ.